ಚಿತ್ರದಲ್ಲಿ ಎಷ್ಟು ಜನ?

ಓದುಗರ ಪ್ರಶ್ನೆ, ಬಲ್ಲವರ ಉತ್ತರ

ಸಂಖ್ಯಾಶಾಸ್ತ್ರದ ಪಾಠಕ್ಕೆ ಚಿತ್ರಕಲೆಯನ್ನು ಬಳಸುವ ಬಗ್ಗೆ ಹಾಸನ, ಚಿಕ್ಕಮಗಳೂರು ಕಡೆಯಿಂದ ಬಂದ ಪತ್ರಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಉತ್ತರಗಳಲ್ಲಿ ಬರುವ ಸಸಿ, ಮಳೆ, ಎಕರೆಗಳ ಲೆಕ್ಕ ಪಾಠಕ್ಕೆಂದು ಕಟ್ಟಿದ್ದು, ಯಾವ ಸಮೀಕ್ಷೆಯದೂ ಅಲ್ಲ.

ಪ್ರಶ್ನೆ: ದ್ವಿತೀಯ ಪಿಯುಸಿಗೆ ಸಂಖ್ಯಾಶಾಸ್ತ್ರ ಹೇಳಿಕೊಡುತ್ತೇನೆ. ಮಕ್ಕಳಿಗೆ ಸೂತ್ರ ಬಾಯಿಪಾಠ, ಲೆಕ್ಕವೂ ತಪ್ಪುವುದಿಲ್ಲ. ಪ್ರಾಜೆಕ್ಟ್ ಕೊಟ್ಟರೆ ಮಾತ್ರ ‘ಸರಿಯುತ್ತರ ಎಷ್ಟು ಬರಬೇಕು ಮೇಡಂ?’ ಎಂದು ಮೊದಲೇ ಕೇಳುತ್ತಾರೆ. ಅಂಕಿಯ ಹಿಂದೆ ಆಯ್ಕೆಗಳಿರುತ್ತವೆ ಎಂಬುದನ್ನು ವರ್ಣಚಿತ್ರ ತೋರಿಸಿ ತಿಳಿಸಬಹುದು ಎಂದು ಕೇಳಿದ್ದೇನೆ. ಯಾವ ಚಿತ್ರ, ಎಷ್ಟು ಹೊತ್ತು, ಹೇಗೆ?
– ಉಪನ್ಯಾಸಕಿ, ಹಾಸನ

ಉತ್ತರ: ಒಂದೇ ಚಿತ್ರ ಸಾಕು ಮೇಡಂ. ಹತ್ತು ಚಿತ್ರಗಳ ಸ್ಲೈಡ್ ಮಾಡಿಕೊಂಡು ಹೋದರೆ ‘ಚೆನ್ನಾಗಿತ್ತು’ ಅನ್ನುತ್ತಾರೆ, ಮಾರನೆಯ ದಿನ ಮತ್ತೆ ಅದೇ ಪ್ರಶ್ನೆ ಕೇಳುತ್ತಾರೆ.

ನಾವು ಹೇಳುವ ಚಿತ್ರ ಬ್ರಸೆಲ್ಸ್‌ನ ಮ್ಯೂಸಿಯಂನಲ್ಲಿರುವ, ಹದಿನಾರನೆಯ ಶತಮಾನದ ಪೀಟರ್ ಬ್ರೂಗಲ್‌ನ ಹೆಸರಿನಲ್ಲಿ ಪ್ರಸಿದ್ಧವಾದ, ಇಕಾರಸ್ ಬೀಳುವ ದೃಶ್ಯ. ಈಗ ಇರುವುದು ಅವನ ಕೈಯದೋ, ಅವನ ಮೂಲದ ಪ್ರತಿಯೋ ಎಂಬ ವಾದ ಇದೆ. ನಮ್ಮ ಕೆಲಸಕ್ಕೆ ಅದರಿಂದ ಅಡ್ಡಿಯಿಲ್ಲ. ಮುಂದುಗಡೆ ಕುದುರೆ ಕಟ್ಟಿ ಹೊಲ ಉಳುವ ರೈತ. ಅವನಿಗಿಂತ ಕೆಳಗೆ, ಕುರಿಗಳನ್ನು ಬಿಟ್ಟುಕೊಂಡು ಆಕಾಶ ನೋಡುತ್ತ ನಿಂತ ಕುರಿಗಾಹಿ. ಬಲಮೂಲೆಯಲ್ಲಿ ಗಾಳ ಹಾಕುವವನು, ಅವನಾಚೆ ಒಂದು ಹಡಗು. ಹಡಗಿಗೂ ದಡಕ್ಕೂ ನಡುವೆ ನೀರಿನಿಂದ ಎರಡು ಕಾಲು ಮಾತ್ರ ಮೇಲೆದ್ದಿವೆ. ಗ್ರೀಕ್ ಪುರಾಣದಲ್ಲಿ ರೆಕ್ಕೆಯ ಮೇಣ ಕರಗಿ ಸಮುದ್ರಕ್ಕೆ ಬಿದ್ದ ಇಕಾರಸ್ ಅವನೇ. ಎಡಗಡೆ ಪೊದೆಯೊಳಗೆ ಸತ್ತವನೊಬ್ಬನ ತಲೆ ಇದೆ. ಹಡಗಿನ ಹಗ್ಗಗಳ ಮೇಲೆ ಇರುವೆಯಷ್ಟು ಗಾತ್ರದ ನಾವಿಕರು.

ಐದು ಮಂದಿಗೆ ಒಂದರಂತೆ ಎ3 ಅಳತೆಯ ಬಣ್ಣದ ಪ್ರತಿ ಹಂಚಿ. ಚಿತ್ರದ ಹೆಸರು ಹೇಳಬೇಡಿ. ಹೆಚ್ಚಿನವರು ಎಡವುವುದು ಇಲ್ಲೇ: ಹೆಸರು ಕೇಳಿದ ಕೂಡಲೇ ಎಲ್ಲರ ಕಣ್ಣೂ ನೀರಿನ ಕಡೆಗೇ ಹೋಗುತ್ತದೆ. ‘ಚಿತ್ರದಲ್ಲಿ ಎಷ್ಟು ಜನ?’ ಎಂದಷ್ಟೇ ಕೇಳಿ, ಮೂರು ನಿಮಿಷ ಕೊಡಿ. ಮಾತಾಡದೆ, ಪಕ್ಕದವರದ್ದು ನೋಡದೆ ಒಬ್ಬೊಬ್ಬರೂ ಚೀಟಿಯಲ್ಲಿ ಸಂಖ್ಯೆ ಬರೆದು ಮಡಚಿ ಕೊಡಬೇಕು. ಬಾಯಲ್ಲಿ ಕೇಳಿದರೆ ಮೊದಲು ಹೇಳಿದವನ ಸಂಖ್ಯೆಗೇ ಉಳಿದವರು ಜೋತುಬೀಳುತ್ತಾರೆ. ಚೀಟಿ ಬಿಚ್ಚಿ ಬೋರ್ಡಿನ ಮೇಲೆ ಗೀಟು ಹಾಕುತ್ತ ಹೋಗಿ. ಮೂರು, ನಾಲ್ಕು, ಐದು, ಎಂಟು, ಎಲ್ಲವೂ ಬರುತ್ತವೆ. ಪಟ್ಟಿ ಮುಗಿಯುವ ಹೊತ್ತಿಗೆ ಕ್ಲಾಸು ತಾನಾಗಿಯೇ ಜಗಳ ಶುರು ಮಾಡಿರುತ್ತದೆ.

ಆ ಜಗಳವನ್ನು ಎರಡು ಪಾಲು ಮಾಡಿಸಿ. ಕಾಲು ಕಂಡೇ ಇಲ್ಲ ಎನ್ನುವವನದು ನೋಟದ ತಪ್ಪು, ತೋರಿಸಿದರೆ ಒಪ್ಪುತ್ತಾನೆ. ಕಾಲು ಕಂಡರೂ ‘ಎರಡು ಕಾಲನ್ನು ಒಬ್ಬ ಮನುಷ್ಯ ಅಂತ ಹೇಗೆ ಎಣಿಸೋದು?’ ಎನ್ನುವವಳದು ತಪ್ಪಲ್ಲ, ವ್ಯಾಖ್ಯೆಯ ಆಯ್ಕೆ. ಹೆಣವನ್ನು ಜನ ಎನ್ನಬೇಕೇ ಎಂಬುದೂ ಆಯ್ಕೆಯೇ. ಇವೆರಡರ ನಡುವಿನ ಗೆರೆಯನ್ನು ಮಕ್ಕಳು ತಾವೇ ಎಳೆಯಬೇಕು, ನೀವು ಎಳೆದು ಕೊಡಬಾರದು. ಆಮೇಲೆ ಪ್ರತಿ ಗುಂಪೂ ತನ್ನ ಎಣಿಕೆಯ ನಿಯಮವನ್ನು ಒಂದೇ ವಾಕ್ಯದಲ್ಲಿ ಬರೆಯಲಿ. ಆ ವಾಕ್ಯವನ್ನು ಬೇರೆ ಗುಂಪಿಗೆ ಕೊಟ್ಟು ಎಣಿಸಲು ಹೇಳಿ. ಅದೇ ಸಂಖ್ಯೆ ಬಂದರೆ ನಿಯಮ ಗಟ್ಟಿ, ಬಾರದಿದ್ದರೆ ವಾಕ್ಯದಲ್ಲಿ ಎಲ್ಲೋ ತೂತಿದೆ.

ಇಷ್ಟಕ್ಕೆ ಇಪ್ಪತ್ತೈದು ನಿಮಿಷ ಹಿಡಿಯುತ್ತದೆ. ಉಳಿದ ಇಪ್ಪತ್ತು ನಿಮಿಷದಲ್ಲಿ ಚಿತ್ರ ಬಿಟ್ಟು ಅಂಕಿಗೆ ಬರಲೇಬೇಕು. ‘ಕೊಯ್ಲಿನ ದಿನ ಒಂದು ಕಾಫಿ ತೋಟದಲ್ಲಿ ಎಷ್ಟು ಜನ ಕೆಲಸ ಮಾಡಿದರು?’ ಎಂಬ ಪ್ರಶ್ನೆ ನಿಮ್ಮ ಕಡೆಯ ಮಕ್ಕಳಿಗೆ ಚೆನ್ನಾಗಿ ಹತ್ತುತ್ತದೆ. ಹಾಜರಿ ಪುಸ್ತಕ ಬರೆಯುವ ರೈಟರ್ ಲೆಕ್ಕಕ್ಕೆ ಬರುತ್ತಾರೆಯೇ? ಕೆಜಿ ಲೆಕ್ಕದಲ್ಲಿ ಹಣ್ಣು ಬಿಡಿಸುವಾಗ ಒಂದೇ ಹೆಸರಿನಲ್ಲಿ ಗಂಡ ಹೆಂಡತಿ ಇಬ್ಬರೂ ಬಿಡಿಸಿದ್ದರೆ? ಮಧ್ಯಾಹ್ನ ಊಟಕ್ಕೆ ಹೋದವರು ತಿರುಗಿ ಬಾರದಿದ್ದರೆ? ನೀರಿನಲ್ಲಿನ ಕಾಲು, ಪೊದೆಯೊಳಗಿನ ತಲೆ ಇಲ್ಲೂ ಇವೆ ಎಂದು ಯಾರಾದರೊಬ್ಬರು ಹೇಳಿಯೇ ಹೇಳುತ್ತಾರೆ.

ದುಡ್ಡು ಉಳಿಸಲು ಕಪ್ಪುಬಿಳುಪು ಜೆರಾಕ್ಸ್ ಮಾಡಿಸಬೇಡಿ. ಪೊದೆಯೊಳಗಿನ ತಲೆ ಪೂರಾ ಕಪ್ಪಾಗಿ ಹೋಗುತ್ತದೆ. ಡೌನ್‌ಲೋಡ್ ಮಾಡುವ ಫೈಲಿನ ಅಗಲ ಕನಿಷ್ಠ 2,000 ಪಿಕ್ಸೆಲ್ ಇರಲಿ. ಅದಕ್ಕಿಂತ ಕಡಿಮೆಯಾದರೆ ಕಾಲು ನೊರೆಯ ಜೊತೆ ಬೆರೆತುಬಿಡುತ್ತದೆ.

ಪ್ರಶ್ನೆ: ಸರಾಸರಿ ತೆಗೆಯಬೇಕೋ ಮಧ್ಯಾಂಕ ತೆಗೆಯಬೇಕೋ? ಒಂದೇ ಮಾತಿನಲ್ಲಿ ಹೇಳಿ.
– ಬಿ.ಎಸ್ಸಿ. ವಿದ್ಯಾರ್ಥಿ, ಕಡೂರು

ಉತ್ತರ: ಒಂದೇ ಮಾತಿನಲ್ಲಿ ಆಗದು, ಎರಡರಲ್ಲಿ ಹೇಳುತ್ತೇವೆ. ಒಂದೂರಲ್ಲಿ ಒಂಬತ್ತು ಬೆಳೆಗಾರರಿಗೆ ತಲಾ 4 ಎಕರೆ, ಒಬ್ಬರಿಗೆ 164 ಎಕರೆ ಇದೆ ಎನ್ನಿ. ಒಟ್ಟು 200, ಸರಾಸರಿ 20, ಮಧ್ಯಾಂಕ (ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿದಾಗ ನಡುವೆ ಬರುವ ಅಂಕಿ) 4. ಊರಿಗೆ ಒಟ್ಟು ಎಷ್ಟು ಗೊಬ್ಬರ ತರಿಸಬೇಕು ಎಂಬುದಕ್ಕೆ 20 ಬೇಕು, ಏಕೆಂದರೆ ಅದನ್ನು ಹತ್ತರಿಂದ ಗುಣಿಸಿದರೆ ಒಟ್ಟು ಸಿಗುತ್ತದೆ. ಈ ಊರಿನ ಬೆಳೆಗಾರ ಅಂದರೆ ಯಾರು ಎಂದು ಕೇಳಿದರೆ 4. ಆ ಊರಿನಲ್ಲಿ 20 ಎಕರೆಯವನು ಒಬ್ಬನೂ ಇಲ್ಲ.

ಪ್ರಶ್ನೆ: ನಾನು ಚಿತ್ರಕಲಾ ಶಿಕ್ಷಕ. ನಮ್ಮ ಶಾಲೆಯ ಗಣಿತದ ಮೇಷ್ಟ್ರು, ನಾನು ಸೇರಿ ಒಂದು ಪಾಠ ಮಾಡೋಣ ಎಂದಿದ್ದೇವೆ. ಪರ್ಸ್ಪೆಕ್ಟಿವ್ ನನಗೆ ಗೊತ್ತು, ಅಂಕಿ ಅವರಿಗೆ ಗೊತ್ತು. ಎರಡೂ ಎಲ್ಲಿ ಸೇರುತ್ತವೆ ಎಂಬುದು ಇಬ್ಬರಿಗೂ ಗೊತ್ತಿಲ್ಲ.
– ಚಿಕ್ಕಮಗಳೂರು

ಉತ್ತರ: ಅರಸೀಕೆರೆ ಜಂಕ್ಷನ್ನಿನ ಪ್ಲಾಟ್‌ಫಾರ್ಮ್ ತುದಿಯಲ್ಲಿ ನಿಂತು ಹಳಿ ನೋಡಿದರೆ ದೂರದಲ್ಲಿ ಎರಡೂ ಕೂಡುತ್ತವೆ. ಅದನ್ನು ಕಾಗದದ ಮೇಲೆ ತರುವ ರೇಖಾಗಣಿತ ಹದಿನೈದನೆಯ ಶತಮಾನದ ಮೊದಲಲ್ಲಿ ಫ್ಲಾರೆನ್ಸ್‌ನ ಬ್ರುನೆಲೆಸ್ಕಿಯಿಂದ ಶುರುವಾಗಿ, 1435ರಲ್ಲಿ ಆಲ್ಬರ್ಟಿಯ ಬರಹದಲ್ಲಿ ನಿಯಮವಾಯಿತು. ನೀವು ಮಕ್ಕಳಿಗೆ ಹೇಳಿಕೊಡುವುದೂ ಅದನ್ನೇ. ಆದರೆ ಅದಕ್ಕೊಂದು ಕರಾರಿದೆ, ಅದನ್ನು ನಾವು ಬಾಯಿಬಿಟ್ಟು ಹೇಳುವುದಿಲ್ಲ: ನೋಡುವವನಿಗೆ ಒಂದೇ ಕಣ್ಣು, ಅದೂ ಅಲುಗಾಡಬಾರದು. ನಿಮ್ಮ ಮೇಷ್ಟ್ರು ಬೋರ್ಡಿನ ಮೇಲೆ ಎಳೆಯುವ ಸರಳರೇಖೆಯೂ ಹೀಗೇ ಕರಾರಿನ ಮೇಲೆ ನಿಂತದ್ದು. ಎರಡೂ ಸೇರುವ ಜಾಗ ಇದೇ.

ಮೈಸೂರು ಶೈಲಿಯ ದೇವರ ಪಟ ನೋಡಿ. ಪ್ರಧಾನ ದೇವತೆ ದೊಡ್ಡದು, ಸುತ್ತಲಿನವರು ಚಿಕ್ಕವರು. ಗಾತ್ರ ಅಲ್ಲಿ ದೂರವನ್ನು ಹೇಳುವುದಿಲ್ಲ, ಮಹತ್ವವನ್ನು ಹೇಳುತ್ತದೆ. ‘ನಮ್ಮವರಿಗೆ ಪರ್ಸ್ಪೆಕ್ಟಿವ್ ಬರುತ್ತಿರಲಿಲ್ಲ’ ಎಂಬ ಮಾತನ್ನು ದಯವಿಟ್ಟು ಪಾಠದಲ್ಲಿ ಹೇಳಬೇಡಿ. ಅದು ಬೇರೆ ಆಯ್ಕೆ, ಅಂಕಿಲೋಕದಲ್ಲೂ ಅದಕ್ಕೆ ಜೋಡಿ ಇದೆ. ಸಮೀಕ್ಷೆಯಲ್ಲಿ ಒಬ್ಬೊಬ್ಬರ ಉತ್ತರಕ್ಕೆ ಬೇರೆ ಬೇರೆ ತೂಕ ಕೊಡುವುದಿಲ್ಲವೇ, ಹಾಗೆ.

ಕ್ಲಾಸಿನಲ್ಲಿ ಕೈಗೆ ಸಿಗುವ ಉದಾಹರಣೆ ಬೇಕೆಂದರೆ ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿರುವ ಹೋಲ್ಬೈನ್‌ನ ‘ರಾಯಭಾರಿಗಳು’, 1533ರದು. ಇಬ್ಬರು ಗಂಡಸರು, ನಡುವೆ ಪುಸ್ತಕ, ಗೋಳ, ವಾದ್ಯ. ಕಾಲ ಬುಡದಲ್ಲಿ ಓರೆಯಾಗಿ ಒಂದು ಬೂದುಬಣ್ಣದ ಪಟ್ಟೆ. ಎ3 ಪ್ರತಿಯ ಬಲ ಅಂಚನ್ನು ಮೂಗಿನ ಹತ್ತಿರ ತಂದು, ಒಂದು ಕಣ್ಣು ಮುಚ್ಚಿ, ಕಾಗದವನ್ನು ನೋಟಕ್ಕೆ ಹೆಚ್ಚುಕಡಿಮೆ ಮಟ್ಟಸವಾಗಿ ಹಿಡಿದರೆ ಆ ಪಟ್ಟೆ ತಲೆಬುರುಡೆಯಾಗುತ್ತದೆ. ಕಾಗದ ಬಾಗಿದರೆ ಆಟ ಕೆಡುತ್ತದೆ, ಹಿಂದೆ ರಟ್ಟು ಅಂಟಿಸಿ. ಬುರುಡೆ ಸರಿಯಾದ ಆ ಗಳಿಗೆಯಲ್ಲಿ ‘ಈಗ ಆ ಇಬ್ಬರು ಹೇಗೆ ಕಾಣುತ್ತಾರೆ?’ ಎಂದು ಕೇಳಿ. ಅವರು ಚಪ್ಪಟೆಯಾಗಿರುತ್ತಾರೆ. ಎರಡೂ ಒಟ್ಟಿಗೆ ಸರಿಯಾಗಿ ಕಾಣುವ ಜಾಗವೇ ಆ ಚಿತ್ರಕ್ಕಿಲ್ಲ.

ಮುಂದಿನದು ಮೇಷ್ಟ್ರ ಪಾಲು. ಸಿಲ್ವರ್ ಓಕ್ ಸಸಿ ನೆಡುವ ಎರಡು ವಿಧಾನಗಳಿವೆ ಎನ್ನಿ. ಹೊಸ ವಿಧಾನದಲ್ಲಿ ಮೂಡಿಗೆರೆ ಕಡೆ 20 ನೆಟ್ಟು 18 ಉಳಿದವು, ಕಡೂರು ಕಡೆ 80 ನೆಟ್ಟು 40 ಉಳಿದವು. ಹಳೆಯ ವಿಧಾನದಲ್ಲಿ ಮೂಡಿಗೆರೆ ಕಡೆ 80ಕ್ಕೆ 64, ಕಡೂರು ಕಡೆ 20ಕ್ಕೆ 8. ಒಟ್ಟು ನೋಡಿದರೆ ಹೊಸದು ನೂರಕ್ಕೆ 58, ಹಳೆಯದು ನೂರಕ್ಕೆ 72, ಹಳೆಯದೇ ವಾಸಿ. ಬಿಡಿಸಿ ನೋಡಿದರೆ ಮೂಡಿಗೆರೆಯಲ್ಲಿ 90ಕ್ಕೆ ಎದುರು 80, ಕಡೂರಿನಲ್ಲಿ 50ಕ್ಕೆ ಎದುರು 40. ಎರಡೂ ಕಡೆ ಹೊಸದೇ ವಾಸಿ. ಇದಕ್ಕೆ ಸಿಂಪ್ಸನ್ ವಿರೋಧಾಭಾಸ ಎಂದು ಹೆಸರು.

‘ನೋಡುವ ಕೋನ ಬೇರೆ, ಎರಡೂ ಸರಿ’ ಎಂದು ಇಲ್ಲಿಗೇ ಪಾಠ ನಿಲ್ಲಿಸಿದರೆ ಕೆಟ್ಟಿತು. ಹೊಸ ವಿಧಾನದ ಹೆಚ್ಚಿನ ಸಸಿಗಳು ಕಡೂರಿನ ಒಣ ನೆಲಕ್ಕೆ ಹೋಗಿವೆ, ಒಟ್ಟು ಲೆಕ್ಕ ವಿಧಾನವನ್ನಲ್ಲ, ಮಳೆಯನ್ನು ಅಳೆಯುತ್ತಿದೆ. ಜಾಗ ನೆಡುವ ಮೊದಲೇ ತೀರ್ಮಾನವಾಗಿದ್ದರಿಂದ ಇಲ್ಲಿ ಬಿಡಿಸಿ ನೋಡುವುದೇ ಸರಿ. ಅದೇ, ನೆಟ್ಟ ಮೇಲೆ ಎಲೆ ಹಳದಿಯಾದವು, ಹಸಿರಾಗಿ ಉಳಿದವು ಎಂದು ಗುಂಪು ಮಾಡಿ ಹೋಲಿಸಿದರೆ ತಪ್ಪಾಗುತ್ತದೆ. ಎಲೆಯ ಬಣ್ಣವೇ ವಿಧಾನದ ಫಲವಾಗಿರಬಹುದು, ಅದನ್ನು ಬೇರ್ಪಡಿಸಿದರೆ ವಿಧಾನದ ಗುಣವನ್ನೇ ತೆಗೆದುಹಾಕಿದಂತೆ. ಗುಂಪು ಮಾಡುವ ಗುಣ ಮೊದಲು ಬಂದದ್ದೋ ಆಮೇಲೆ ಬಂದದ್ದೋ ಎಂದು ಕೇಳುವ ಅಭ್ಯಾಸ ಮಾಡಿಸಿ.

ಪ್ರಶ್ನೆ: ನಮ್ಮ ತೋಟದಲ್ಲಿ ಮೂವತ್ತು ವರ್ಷದ ಮಳೆ ಪುಸ್ತಕ ಇದೆ. ಮಗಳು ಡಿಗ್ರಿ ಪ್ರಾಜೆಕ್ಟಿಗೆ ಅದನ್ನು ತೆಗೆದುಕೊಂಡಿದ್ದಾಳೆ. ಜಿಲ್ಲೆಯ ಲೆಕ್ಕದಲ್ಲಿ ಏಪ್ರಿಲ್ ಮಳೆ ಮಾಮೂಲಿ ಎಂದಿರುವ ವರ್ಷ ನಮಗೆ ಹೂಮಳೆ (ಕಾಫಿ ಹೂ ಅರಳಿಸುವ ಮಳೆ) ಕೈಕೊಟ್ಟಿದೆ. ಯಾವುದು ಸುಳ್ಳು?
– ಕಾಫಿ ಬೆಳೆಗಾರರು, ಮೂಡಿಗೆರೆ ತಾಲ್ಲೂಕು

ಉತ್ತರ: ಎರಡೂ ಸುಳ್ಳಲ್ಲ. ಜಪಾನಿನ ಹೊಕುಸಾಯ್ 1830ರ ಸುಮಾರಿಗೆ ಫ್ಯೂಜಿ ಬೆಟ್ಟದ ‘ಮೂವತ್ತಾರು ನೋಟ’ ಎಂಬ ಮರದಚ್ಚಿನ ಚಿತ್ರಮಾಲೆ ಮಾಡಿದ. ಮೆಚ್ಚುಗೆ ಬಂತೆಂದು ಹತ್ತು ಸೇರಿಸಿದ, ಹೆಸರು ಹಾಗೇ ಉಳಿದು ಚಿತ್ರ 46 ಆದವು. ಒಂದರಲ್ಲಿ ಬೆಟ್ಟ ಹಾಳೆ ತುಂಬ ಇದೆ; ಎಲ್ಲರಿಗೂ ಗೊತ್ತಿರುವ ದೊಡ್ಡ ಅಲೆಯ ಚಿತ್ರದಲ್ಲಿ ಅದೇ ಬೆಟ್ಟ ಅಲೆಯ ಅಡಿಯಲ್ಲಿ ಇನ್ನೊಂದು ಸಣ್ಣ ಅಲೆಯಂತೆ ಕೂತಿದೆ. ಮಗಳು ಈ ಎರಡನ್ನು ವರದಿಯ ಮೊದಲ ಪುಟದಲ್ಲಿ ಅಂಟಿಸಲಿ, ಆಮೇಲೆ ಮಲೆನಾಡಿನ ಶೃಂಗೇರಿಯ ಮಳೆಯನ್ನೂ ಬಯಲಿನ ಕಡೂರಿನ ಮಳೆಯನ್ನೂ ಒಂದೇ ಸರಾಸರಿಗೆ ಹಾಕಿದರೆ ಏನಾಗುತ್ತದೆಂದು ಬರೆಯಲಿ.

ಆದರೆ ಪುಸ್ತಕ ಬಳಸುವ ಮೊದಲು ನಾಲ್ಕು ಸಂಗತಿ ನೋಡಬೇಕು. ಹವಾಮಾನ ಇಲಾಖೆಯ ಮಳೆದಿನ ಬೆಳಗ್ಗೆ 8:30ರಿಂದ ಮರುದಿನ 8:30ರವರೆಗೆ; ಅಳೆದ ದಿನದ ತಾರೀಖಿಗೆ ಬರೆಯುತ್ತಾರೆ. ತೋಟದಲ್ಲಿ ಬೆಳಗ್ಗೆ ಅಳೆದು ‘ನಿನ್ನೆ ಮಳೆ’ ಎಂದು ಹಿಂದಿನ ತಾರೀಖಿಗೆ ಬರೆಯುವವರಿದ್ದಾರೆ. ಆಗ ಎರಡು ಪಟ್ಟಿ ಒಂದು ದಿನ ಹಿಂದೆಮುಂದೆ ಆಗಿ, ದಿನದ ಹೋಲಿಕೆ ಪೂರಾ ಕೆಡುತ್ತದೆ, ತಿಂಗಳ ಮೊತ್ತ ಮಾತ್ರ ಸರಿಯಾಗಿರುತ್ತದೆ. ಹೋಲಿಕೆ ತೀರಾ ಕಳಪೆ ಬಂದರೆ ಒಂದು ದಿನ ಜರುಗಿಸಿ ನೋಡಿ. ಎರಡನೆಯದು ಅಳತೆ: ನಿಮ್ಮ ಒಂದು ಇಂಚು 25.4 ಮಿ.ಮೀ., ಒಂದು ಸೆಂಟ್ 0.254 ಮಿ.ಮೀ. ಇಲಾಖೆಯ ‘ಮಳೆಯಾದ ದಿನ’ಕ್ಕೆ 2.5 ಮಿ.ಮೀ. ಬೇಕು, ಅಂದರೆ ಹತ್ತು ಸೆಂಟ್ ಹತ್ತಿರ. ಮೂರನೆಯದು ಖಾಲಿ ಕೋಣೆ. ಅಡ್ಡಗೆರೆ ಇದ್ದರೆ ಮಳೆ ಇಲ್ಲ ಅಂತ, ಏನೂ ಇಲ್ಲದಿದ್ದರೆ ರೈಟರ್ ರಜೆಯಲ್ಲಿದ್ದರು ಅಂತಲೂ ಇರಬಹುದು. ಕಂಪ್ಯೂಟರಿಗೆ ಏರಿಸುವಾಗ ಎರಡನ್ನೂ ಸೊನ್ನೆ ಮಾಡಿದರೆ ಆ ತಿಂಗಳು ಸುಮ್ಮನೆ ಬರಗಾಲವಾಗುತ್ತದೆ. ಕೊನೆಯದು ಮಾಪಕದ ಜಾಗ. ಹತ್ತಿರದ ಮರ ಎಷ್ಟು ಎತ್ತರವೋ ಅದರ ಎರಡರಷ್ಟಾದರೂ ದೂರದಲ್ಲಿ ಮಾಪಕ ಇರಬೇಕು. ಮೂವತ್ತು ವರ್ಷದಲ್ಲಿ ಅದು ಕದಲಿರಲಿಕ್ಕಿಲ್ಲ, ಆದರೆ ಪಕ್ಕದ ಸಿಲ್ವರ್ ಮರ ಬೆಳೆದಿದೆ. ಮಳೆ ವರ್ಷವರ್ಷ ಕಡಿಮೆಯಾಗುತ್ತ ಬಂದಂತೆ ಗೆರೆ ಇಳಿಯುತ್ತಿದ್ದರೆ ಮೊದಲು ಮರ ನೋಡಿ.

ಇನ್ನು ಹೂಮಳೆ. ಒಂದು ಏಪ್ರಿಲ್‌ನಲ್ಲಿ 28ನೇ ತಾರೀಖು ಒಂದೇ ಏಟಿಗೆ ನಾಲ್ಕಿಂಚು. ಇನ್ನೊಂದರಲ್ಲಿ ಇಪ್ಪತ್ತು ದಿನ ಇಪ್ಪತ್ತಿಪ್ಪತ್ತು ಸೆಂಟ್ ಹನಿ. ಮತ್ತೊಂದರಲ್ಲಿ 2ಕ್ಕೆ ಒಂದೂವರೆ ಇಂಚು, ಮೂರು ವಾರ ಬಿಟ್ಟು ಬ್ಯಾಕಿಂಗ್ (ಹೂ ಅರಳಿದ ಮೇಲೆ ಕಾಯಿ ಕಟ್ಟಲು ಬೇಕಾದ ಎರಡನೆಯ ಮಳೆ) ಎರಡೂವರೆ. ಮೂರರ ಮೊತ್ತವೂ ನಾಲ್ಕೇ ಇಂಚು, ಹೂವಿಗೆ ಒದಗಿದ್ದು ಮೂರನೆಯದು. ತಿಂಗಳ ಮೊತ್ತ ಎಂಬ ಚೌಕಟ್ಟು ಹೂವಿನ ಪ್ರಶ್ನೆಗೆ ಹೊಂದುವುದಿಲ್ಲ. ‘ಇಂಚಿನ ಆಸುಪಾಸು ಮಳೆ ಬಿದ್ದ ಮೊದಲ ದಿನ ಯಾವುದು, ಬ್ಯಾಕಿಂಗ್‌ಗೆ ಎಷ್ಟು ದಿನ ಬಿಟ್ಟಿತು’ ಎಂದು ಎರಡು ಕಾಲಂ ಮಾಡಿದರೆ ನಿಮ್ಮ ಪುಸ್ತಕ ಮಾತಾಡುತ್ತದೆ. ಕಾಲೇಜಿನಲ್ಲಿ ಆಧಾರ ಕೇಳಿದರೆ 1973ರಲ್ಲಿ ಸಂಖ್ಯಾಶಾಸ್ತ್ರಜ್ಞ ಆನ್ಸ್‌ಕೂಂಬ್ ತೋರಿಸಿದ ನಾಲ್ಕು ಪಟ್ಟಿಗಳನ್ನು ಹೇಳಲಿ: ತಲಾ 11 ಜೋಡಿ ಅಂಕಿ, ಸರಾಸರಿ ಒಂದೇ 9 ಮತ್ತು 7.5, ಸಹಸಂಬಂಧ (ಎರಡು ಅಂಕಿಗಳು ಎಷ್ಟು ಒಟ್ಟಿಗೆ ಏರಿಳಿಯುತ್ತವೆ ಎಂಬ ಅಳತೆ) ನಾಲ್ಕರಲ್ಲೂ 0.816ರ ಆಸುಪಾಸು. ಗ್ರಾಫ್ ಹಾಕಿದರೆ ಒಂದು ಚದುರಿದ ಗೆರೆ, ಒಂದು ಕಮಾನು, ಉಳಿದೆರಡರಲ್ಲಿ ಒಂಟಿ ಬಿಂದುವಿನ ಕಾರುಬಾರು.

ಪ್ರಶ್ನೆ: ಎಲ್ಲವೂ ಆಯ್ಕೆ ಎಂದಾದರೆ ನನಗೆ ಬೇಕಾದ ಫಲಿತಾಂಶ ಬರುವ ಆಯ್ಕೆಯನ್ನೇ ಮಾಡಿದರೆ ತಪ್ಪೇನು? ಮೋನೆ ಕೂಡ ತನಗೆ ಬೇಕಾದ ಬೆಳಕನ್ನೇ ಆರಿಸಿಕೊಂಡನಲ್ಲ?
– ಸಂಶೋಧನಾ ವಿದ್ಯಾರ್ಥಿ, ಹಾಸನ

ಉತ್ತರ: ಪ್ರಶ್ನೆ ತುಂಟತನದ್ದು, ಆದರೆ ಈ ಇಡೀ ವಿಷಯದಲ್ಲಿ ಮುಖ್ಯವಾದದ್ದೂ ಅದೇ. ಫ್ರಾನ್ಸಿನ ಚಿತ್ರಕಾರ ಕ್ಲೋದ್ ಮೋನೆ 1892, 93ರಲ್ಲಿ ರುವಾನ್ ಊರಿನ ಚರ್ಚಿನ ಒಂದೇ ಮುಖವನ್ನು ಬೆಳಗ್ಗೆ, ಮಧ್ಯಾಹ್ನ, ಮಂಜು, ಬಿಸಿಲು ಎಂದು ಮೂವತ್ತಕ್ಕೂ ಮಿಕ್ಕಿ ಕ್ಯಾನ್ವಾಸುಗಳಲ್ಲಿ ಬರೆದ. 1895ರಲ್ಲಿ ಪ್ಯಾರಿಸ್ಸಿನಲ್ಲಿ ತೋರಿಸಿದ್ದು 20. ಉಳಿದವು ಎಲ್ಲಿ ಎಂದು ಯಾರೂ ಅವನ ಕೊರಳಪಟ್ಟಿ ಹಿಡಿಯಲಿಲ್ಲ, ಹಿಡಿಯಬೇಕಾಗಿಯೂ ಇಲ್ಲ. ಚಿತ್ರಕಾರನಿಗೂ ಸಂಶೋಧಕನಿಗೂ ಹೋಲಿಕೆ ಇಲ್ಲಿಗೆ ಮುಗಿಯುತ್ತದೆ. ನೀವು 30 ರೀತಿ ಲೆಕ್ಕ ಮಾಡಿ ಒಂದನ್ನು ಮಾತ್ರ ತೋರಿಸಿದರೆ, ಓದುಗ ನೀವು ಒಂದೇ ಮಾಡಿದ್ದೀರಿ ಎಂದುಕೊಂಡು ಆ ಪಿ-ಬೆಲೆಯನ್ನು (ಪರಿಣಾಮವೇ ಇಲ್ಲದಿದ್ದರೂ ಇಷ್ಟು ಅಥವಾ ಇದಕ್ಕಿಂತ ದೊಡ್ಡ ಫಲಿತಾಂಶ ಆಕಸ್ಮಿಕವಾಗಿ ಬರುವ ಸಂಭವವನ್ನು) ನಂಬುತ್ತಾನೆ. ನಿಜವಾದ ಪರಿಣಾಮವೇ ಇಲ್ಲದಿದ್ದರೂ, ಒಂದಕ್ಕೊಂದು ಸಂಬಂಧವಿಲ್ಲದ 20 ಪರೀಕ್ಷೆ ಮಾಡಿದರೆ ಒಂದಾದರೂ ರೂಢಿಯ ಗಡಿಯಾದ 0.05ರ ಕೆಳಗೆ ಬೀಳುವ ಸಂಭವ ನೂರಕ್ಕೆ 64. 2011ರಲ್ಲಿ ಸಿಮನ್ಸ್, ನೆಲ್ಸನ್, ಸಿಮನ್‌ಸನ್ ಎಂಬ ಮೂವರು ಮನೋವಿಜ್ಞಾನಿಗಳು ಲೆಕ್ಕ ಮಾಡುವಾಗಿನ ನಾಲ್ಕು ತೀರಾ ಸಾಧಾರಣ ಸಡಿಲಿಕೆಗಳನ್ನು ಒಟ್ಟು ಸೇರಿಸಿದರೆ ಸುಳ್ಳು ಫಲಿತಾಂಶದ ಪ್ರಮಾಣ ನೂರಕ್ಕೆ 5ರಿಂದ 60.7ಕ್ಕೆ ಏರುತ್ತದೆಂದು ತೋರಿಸಿದರು.

ಮೋಸದ ಉದ್ದೇಶ ಇರಲೇಬೇಕೆಂದಿಲ್ಲ. 2018ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ 29 ತಂಡಗಳ 61 ವಿಶ್ಲೇಷಕರಿಗೆ ಒಂದೇ ಅಂಕಿಪಟ್ಟಿ ಕೊಟ್ಟು, ಫುಟ್‌ಬಾಲ್ ರೆಫರಿಗಳು ಕಪ್ಪು ಮೈಬಣ್ಣದ ಆಟಗಾರರಿಗೆ ಹೆಚ್ಚು ರೆಡ್ ಕಾರ್ಡ್ ಕೊಡುತ್ತಾರೆಯೇ ಎಂದು ಕೇಳಿದರು. ಆಡ್ಸ್ ಅನುಪಾತ (1 ಎಂದರೆ ವ್ಯತ್ಯಾಸವಿಲ್ಲ, 1ಕ್ಕಿಂತ ಹೆಚ್ಚಾದರೆ ಕಪ್ಪು ಮೈಬಣ್ಣದವರಿಗೆ ಹೆಚ್ಚು ಕಾರ್ಡ್) 0.89ರಿಂದ 2.93ರವರೆಗೆ ಬಂತು, ಮಧ್ಯಾಂಕ 1.31. ಇಪ್ಪತ್ತು ತಂಡ ‘ಹೌದು, ಗಣನೀಯ’ ಎಂದವು, ಒಂಬತ್ತು ತಂಡಕ್ಕೆ ಹಾಗೆ ಕಾಣಲಿಲ್ಲ.

ನೀವು ಮಾಡಬೇಕಾದದ್ದು ಇಷ್ಟು. ಗೆರೆ ಹಾಕಿದ ನೋಟ್‌ಬುಕ್ ಒಂದರಲ್ಲಿ ಐದು ಕಾಲಂ ಹಾಕಿ: ತಾರೀಖು, ಮಾಡಿದ ಆಯ್ಕೆ, ಬಿಟ್ಟ ಆಯ್ಕೆಗಳು, ಕಾರಣ, ಫಲಿತಾಂಶ ನೋಡುವ ಮೊದಲೋ ಆಮೇಲೋ. ಐದನೆಯದೇ ಪ್ರಾಣ. ಜನ ಅದನ್ನೇ ಬಿಡುತ್ತಾರೆ, ಇಲ್ಲವೇ ವರದಿ ಬರೆಯುವ ಹಿಂದಿನ ರಾತ್ರಿ ಒಟ್ಟಿಗೆ ತುಂಬುತ್ತಾರೆ. ಆಮೇಲೆ ಸಮಂಜಸವಾದ ಆಯ್ಕೆಗಳನ್ನೆಲ್ಲ ಗುಣಿಸಿ. ವಿಪರೀತ ಬೆಲೆಗಳನ್ನು ನಿಭಾಯಿಸಲು ಮೂರು ದಾರಿ, ವಯಸ್ಸಿನ ಗುಂಪಿಗೆ ಎರಡು, ಬಿಟ್ಟುಹೋದ ಉತ್ತರಕ್ಕೆ ಎರಡು ಎಂದರೆ 12 ಲೆಕ್ಕ. ಹನ್ನೆರಡನ್ನೂ ಮಾಡಿ, ಚಿಕ್ಕದರಿಂದ ದೊಡ್ಡದಕ್ಕೆ ಚುಕ್ಕಿ ಜೋಡಿಸಿ, ಪ್ರತಿ ಚುಕ್ಕಿಯ ಕೆಳಗೆ ಯಾವ ಆಯ್ಕೆ ಎಂದು ಗುರುತು ಹಾಕಿ. ಚುಕ್ಕಿಗಳೆಲ್ಲ ಸೊನ್ನೆಯ ಒಂದೇ ಬದಿಗಿದ್ದರೆ ಧೈರ್ಯವಾಗಿ ಹೇಳಿ. ಒಂದು ಆಯ್ಕೆ ಬದಲಿಸಿದ ಕೂಡಲೇ ಚುಕ್ಕಿ ಆಚೆ ಬದಿಗೆ ಹಾರಿದರೆ, ನಿಮ್ಮ ಪ್ರಬಂಧದ ವಿಷಯ ಆ ಆಯ್ಕೆಯೇ. ಒಂದು ಎಚ್ಚರ: ಹನ್ನೆರಡರಲ್ಲಿ ಅಸಂಬದ್ಧ ದಾರಿಗಳನ್ನು ತುರುಕಬೇಡಿ. ಚರ್ಚಿನ ಹಿಂಬದಿಗೆ ಹೋಗಿ ನಿಂತು ಮುಂಬಾಗಿಲು ಕಾಣುತ್ತಿಲ್ಲ ಎಂದರೆ ಅದು ದೃಷ್ಟಿಕೋನವಲ್ಲ.

ಪ್ರಶ್ನೆ: ಅಂತರ್ಜಾಲದಿಂದ ಇಳಿಸಿಕೊಂಡ ಮೋನೆಯ ಚರ್ಚಿನ ಚಿತ್ರಗಳು ಒಂದೊಂದು ಕಡೆ ಒಂದೊಂದು ಬಣ್ಣದಲ್ಲಿವೆ. ಯಾವುದನ್ನು ಪ್ರಿಂಟ್ ಹಾಕಿಸಲಿ?
– ಸಕಲೇಶಪುರ

ಉತ್ತರ: ಎಲ್ಲವನ್ನೂ ಹಾಕಿಸಿ! ಒಂದೇ ಕ್ಯಾನ್ವಾಸಿನ ಮೂರು ಬೇರೆ ಫೋಟೊ, ಬೇರೆ ಮೂರು ಕ್ಯಾನ್ವಾಸುಗಳ ಒಂದೊಂದು ಫೋಟೊ, ಒಟ್ಟು ಆರು ಕಾರ್ಡು. ಹಿಂದೆ ಗುರುತು ಬರೆದು, ಕಲೆಸಿ ಕೊಟ್ಟು, ಒಂದೇ ಚಿತ್ರದವನ್ನು ಜೋಡಿಸಿ ಎನ್ನಿ. ಬಣ್ಣ ನಂಬಿದವರು ಸೋಲುತ್ತಾರೆ. ಗೋಪುರ ಎಲ್ಲಿ ಕತ್ತರಿಸಿದೆ, ಕುಂಚದ ಗೀಟು ಎಲ್ಲಿದೆ ಎಂದು ನೋಡಿದವರು ಗೆಲ್ಲುತ್ತಾರೆ. ಬೆಳಕು ಬದಲಾದದ್ದು ನಿಜವಾದ ವ್ಯತ್ಯಾಸ, ಕ್ಯಾಮೆರಾ ಬದಲಾದದ್ದು ಅಳತೆಯ ದೋಷ. ಎರಡನೆಯದು ಮೊದಲನೆಯದಕ್ಕಿಂತ ದೊಡ್ಡದಾದರೆ ಎಷ್ಟು ಅಂಕಿ ಕೂಡಿಹಾಕಿದರೂ ಬೆಳಕಿನ ಬಗ್ಗೆ ಏನೂ ಹೇಳಲಾಗದು.

ಪ್ರಶ್ನೆ: ಬ್ರಸೆಲ್ಸ್, ಪ್ಯಾರಿಸ್ ಎಲ್ಲ ಸರಿ. ನಮ್ಮ ಹೈಸ್ಕೂಲಿನಿಂದ ಹಳೇಬೀಡು ಅರ್ಧ ಗಂಟೆಯ ದಾರಿ. ಅಲ್ಲಿ ಏನಾದರೂ ಮಾಡಬಹುದೇ?
– ಶಿಕ್ಷಕರು, ಬೇಲೂರು

ಉತ್ತರ: ಖಂಡಿತ, ಅದೂ ಚಿತ್ರಕ್ಕಿಂತ ಚೆನ್ನಾಗಿ. ಹೊಯ್ಸಳೇಶ್ವರ ದೇವಾಲಯದ ಗೋಡೆ ಮಡಿಕೆ ಮಡಿಕೆಯಾಗಿದೆ, ಜಗತಿಯ (ಗುಡಿ ನಿಂತಿರುವ ಕಟ್ಟೆಯ) ಮೇಲೆ ಎಲ್ಲಿ ನಿಂತರೂ ಪೂರ್ತಿ ಕಾಣುವುದಿಲ್ಲ, ನಡೆಯಲೇಬೇಕು. ಬುಡದ ಪಟ್ಟಿಕೆಯಲ್ಲಿ ಸಾಲು ಆನೆಗಳಿವೆ, ಅದರ ಮೇಲೆ ಸಿಂಹ, ಬಳ್ಳಿ, ಕುದುರೆ ಹೀಗೆ ಸಾಲು ಏರುತ್ತದೆ. ‘ಈ ಬದಿಯ ಗೋಡೆಯಲ್ಲಿ ಎಷ್ಟು ಆನೆ?’ ಎಂಬುದು ನಿಮ್ಮ ಪ್ರಶ್ನೆ. ಎಲ್ಲವನ್ನೂ ಎಣಿಸಬಾರದು, ಅಂದಾಜು ಮಾಡಬೇಕು.

ಮೊದಲು ಉದ್ದ. ಟೇಪನ್ನು ಜಗತಿಯ ನೆಲದ ಮೇಲೆ ನೇರವಾಗಿ ಹಿಡಿದರೆ ಒಂದು ಉದ್ದ, ಮಡಿಕೆಗಳ ಒಳಹೊರಗು ಅನುಸರಿಸಿದರೆ ಅದಕ್ಕಿಂತ ಹೆಚ್ಚು. ಆನೆಗಳು ಮಡಿಕೆಯ ಜೊತೆ ತಿರುಗುತ್ತವೆ, ಆದ್ದರಿಂದ ಎರಡನೆಯದೇ ಬೇಕು. ಗೋಡೆಗೆ ತಾಗಿಸದೆ ಗೇಣು ದೂರ ಇಟ್ಟು ಹಿಡಿಯಿರಿ. ಸೀಮೆಸುಣ್ಣದ ಗುರುತು ಖಂಡಿತ ಬೇಡ, ನೆಲದ ಮೇಲೆ ಕಲ್ಲುಹರಳು ಇಟ್ಟರೆ ಸಾಕು, ಬರುವಾಗ ತೆಗೆದುಬಿಡಿ. ಉದ್ದ 120 ಮೀಟರ್ ಬಂತು ಎನ್ನೋಣ. 1ರಿಂದ 120ರವರೆಗೆ ಚೀಟಿ ಬರೆದು 12 ಎತ್ತಿ. ಆ ಹನ್ನೆರಡು ಮೀಟರುಗಳಲ್ಲಿ ಮಾತ್ರ ಎಣಿಸಿ. ಗೆರೆಯ ಮೇಲೆ ಅರ್ಧ ಆನೆ ಬಂದರೆ? ಕಣ್ಣು ಒಳಗಿದ್ದರೆ ಎಣಿಕೆಗೆ ಸೇರಿತು, ಇಲ್ಲದಿದ್ದರೆ ಇಲ್ಲ. ಮುಖ ಒಡೆದ ಆನೆಗೆ ಮುಂಗಾಲು ನೋಡಿ. ಹೊರಡುವ ಮೊದಲೇ ಈ ನಿಯಮ ಬರೆದುಕೊಳ್ಳಿ, ಗೋಡೆಯ ಮುಂದೆ ನಿಂತು ಮಾಡಿದ ನಿಯಮ ಪ್ರತಿ ಆನೆಗೂ ಬದಲಾಗುತ್ತದೆ. ಹನ್ನೆರಡರ ಸರಾಸರಿಯನ್ನು 120ರಿಂದ ಗುಣಿಸಿದರೆ ಅಂದಾಜು. ಎಣಿಕೆಗಳ ಮಾನಕ ವಿಚಲನೆಯನ್ನು (ಅವು ಸರಾಸರಿಯಿಂದ ಎಷ್ಟು ಚದುರಿವೆ ಎಂಬ ಅಳತೆಯನ್ನು) 12ರ ವರ್ಗಮೂಲದಿಂದ, ಅಂದರೆ 3.46ರಿಂದ ಭಾಗಿಸಿ, 120ರಿಂದ ಗುಣಿಸಿದರೆ ಆ ಅಂದಾಜು ಎಷ್ಟು ಅಲುಗಾಡಬಹುದೆಂದು ಸರಿಸುಮಾರು ತಿಳಿಯುತ್ತದೆ.

‘ಚೀಟಿ ಯಾಕೆ ಸಾರ್, ಹತ್ತು ಮೀಟರಿಗೊಂದು ಎಣಿಸಿದರಾಯಿತಲ್ಲ?’ ಎಂದು ಒಬ್ಬರಾದರೂ ಕೇಳುತ್ತಾರೆ. ಗೋಡೆಯ ಮಡಿಕೆಗಳೂ ಒಂದು ಲಯದಲ್ಲಿ ಮರುಕಳಿಸುತ್ತವೆ. ನಿಮ್ಮ ಹೆಜ್ಜೆಯ ಲಯ ಅದಕ್ಕೆ ಕೂಡಿಬಿಟ್ಟರೆ ಪ್ರತಿ ಸಲವೂ ಮೂಲೆಯೇ ಸಿಗುತ್ತದೆ, ಮೂಲೆಯಲ್ಲಿ ಆನೆ ಮುರಿದು ತಿರುಗಿರುತ್ತದೆ. ಬೇಕಿದ್ದರೆ ಹಾಗೂ ಒಮ್ಮೆ ಎಣಿಸಿ, ಎರಡು ಅಂದಾಜನ್ನೂ ಪಕ್ಕಪಕ್ಕ ಇಡಿ.

ಇನ್ನೊಂದು ಮಾಡಿ. ಕ್ಲಾಸನ್ನು ಎರಡು ತಂಡ ಮಾಡಿ, ಇಬ್ಬರಿಗೂ ಅದೇ ಗೋಡೆ, ಬೇರೆ ಬೇರೆ ಆರು ಚೀಟಿ. ಸಂಖ್ಯಾಶಾಸ್ತ್ರಜ್ಞ ಪ್ರಶಾಂತಚಂದ್ರ ಮಹಾಲನೋಬಿಸ್ ಬಂಗಾಳದ ಬೆಳೆ ಸಮೀಕ್ಷೆಗಳಲ್ಲಿ ಮಾಡುತ್ತಿದ್ದದ್ದು ಇದನ್ನೇ: ಒಂದೇ ಪ್ರದೇಶಕ್ಕೆ ಎರಡು ಸ್ವತಂತ್ರ ತಂಡ, ಒಂದರೊಳಗೊಂದು ಹೆಣೆದ ಎರಡು ಮಾದರಿ. ಎರಡು ಉತ್ತರಗಳ ಅಂತರ ಚೀಟಿಯ ಆಟದಿಂದ ಬರಬಹುದಾದ್ದಕ್ಕಿಂತ ತೀರಾ ಹೆಚ್ಚಾದರೆ ದೋಷ ಗೋಡೆಯದಲ್ಲ, ಎಣಿಸುವವರದು. ಫೋಟೊ ತೆಗೆಯಲು ಮೊಬೈಲ್ ಸಾಕು, ಟ್ರೈಪಾಡ್ ತಂದರೆ ಪುರಾತತ್ವ ಇಲಾಖೆಯ ಅನುಮತಿ ಬೇಕು. ಬಿಸಿಲೇರುವ ಮೊದಲು ಹೋಗಿ; ಓರೆಬೆಳಕಿನಲ್ಲಿ ಆನೆಗಳು ಎದ್ದು ಕಾಣುತ್ತವೆ, ಬರಿಗಾಲಿಗೆ ಜಗತಿಯ ಕಲ್ಲೂ ಸುಡುವುದಿಲ್ಲ.

ಪ್ರಶ್ನೆ: ಇಂಥ ಪಾಠಕ್ಕೆ ಇಂಟರ್ನಲ್ ಅಂಕ ಕೊಡುವುದು ಹೇಗೆ? ಎಲ್ಲರ ಉತ್ತರವೂ ಬೇರೆ ಬೇರೆ ಇರುತ್ತದಲ್ಲ.
– ಉಪನ್ಯಾಸಕ, ಚನ್ನರಾಯಪಟ್ಟಣ

ಉತ್ತರ: ಹತ್ತು ಅಂಕಕ್ಕೆ ಹೇಳುತ್ತೇವೆ. ಮಾಡಿದ ಆಯ್ಕೆಗಳನ್ನು ಇನ್ನೊಬ್ಬರು ಅನುಸರಿಸಬಹುದಾದಂತೆ ಬರೆದದ್ದಕ್ಕೆ 3. ಒಂದು ಆಯ್ಕೆಯನ್ನಾದರೂ ಬದಲಿಸಿ ಮತ್ತೆ ಲೆಕ್ಕ ಮಾಡಿದ್ದಕ್ಕೆ 3. ಕಾರಣ ಕೊಟ್ಟದ್ದಕ್ಕೆ 2. ‘ಸುಲಭ ಅನ್ನಿಸಿತು’ ಎಂಬುದೂ ಪ್ರಾಮಾಣಿಕ ಕಾರಣವೇ, ಅರ್ಧ ಕೊಡಿ. ಗ್ರಾಫಿಗೆ 1. ಕೊನೆಗೆ ಬಂದ ಸಂಖ್ಯೆಗೆ 1, ಅದೂ ಕೂಡುವುದು ಗುಣಿಸುವುದು ಸರಿಯಿದ್ದರೆ.